ಗುಂಡಿಗೂ ಮೋಟಾರಿಗೂ ನಡುವೆ

ಕಾರ್ಖಾನೆಯಲ್ಲಿ ಕೆಲಸಗಾರನೊಬ್ಬನು ಹಸಿರು ಗುಂಡಿಯನ್ನೊತ್ತಿದೊಡನೆ ಅತ್ತಲಾಗಿ ಮೋಟಾರು ತಿರುಗತೊಡಗುವುದನ್ನು ಕಂಡವರು, ಗುಂಡಿಯಿಂದ ಹೊರಟ ವಿದ್ಯುತ್ತು ತಂತಿಯೊಳಗೆ ಹರಿದು ಹೋಗಿ ಮೋಟಾರನ್ನು ಎಚ್ಚರಿಸಿತೆಂದು ಭಾವಿಸುವುದು ಸಹಜವೇ ಆಗಿದೆ. ಅರುವತ್ತು ವರ್ಷಗಳ ಕೆಳಗೆ ಆ ಭಾವನೆಯು ಬಹುಮಟ್ಟಿಗೆ ನಿಜವೂ ಆಗಿದ್ದಿತು. ಇಂದು ಹಾಗಿಲ್ಲ. ಗುಂಡಿಯ ತಂತಿಯು ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಕೊನೆಗಾಣುತ್ತದೆ; ಮೋಟಾರಿಗೆ ವಿದ್ಯುತ್ತನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟರಿಗೆ ಹೋಗತಕ್ಕ ತಂತಿಯು ಅದರ ಮಗ್ಗುಲಿನ ಇನ್ನೊಂದು ಪೆಟ್ಟಿಗೆಯಿಂದ ಹೊರಡುತ್ತದೆ; ಇವೆರಡರ ನಡುವೆ ಸಾಗುವುದು ಮೋಟಾರನ್ನು ತಿರುಗಿಸುವ ಪ್ರವಾಹವಲ್ಲ, ಸೊನ್ನೆ ಒಂದುಗಳ ರೂಪದಲ್ಲಿ ಬರೆದಿಟ್ಟು ಓದಿಕೊಳ್ಳಲ್ಪಡುವ ಸಮಾಚಾರ. ಈ ಪೆಟ್ಟಿಗೆಗಳಿಗೆ ಮಾಡ್ಯೂಲುಗಳೆಂದೂ ಅವುಗಳ ಸಮುದಾಯಕ್ಕೆ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಅಥವಾ ಚಿಕ್ಕದಾಗಿ ಪಿಎಲ್‌ಸಿ, ಎಂದೂ ಹೆಸರು. ಹಾಲಿನ ಪ್ಯಾಕೆಟ್ಟು, ಔಷಧಿಯ ಸೀಸೆ, ಸಿಮೆಂಟಿನ ಚೀಲ, ಕುಡಿಯುವ ನೀರು ಮುಂತಾಗಿ ನಾವು ನಿತ್ಯವೂ ಬಳಸುವ ಅನೇಕ ವಸ್ತುಗಳ ಹಿಂದೆ ಈ ಯಂತ್ರಗಳ ದುಡಿಮೆಯಿರುವುದರಿಂದ, ಅವು ತಮ್ಮತಮ್ಮೊಳಗೆ ಸಮಾಚಾರವನ್ನು ಹೇಗೆ ಹಂಚಿಕೊಳ್ಳುತ್ತವೆಂಬುದನ್ನು ತಿಳಿದುಕೊಳ್ಳುವುದು ಎಂಜಿನಿಯರುಗಳಿಗೆ ಮಾತ್ರ ಸೇರಿದ ವಿಷಯವೆಂದು ನಾನು ಎಣಿಸುವುದಿಲ್ಲ.

ಪಿಎಲ್‌ಸಿಯು ಹುಟ್ಟಿದ್ದು ಅಮೆರಿಕದ ಮೋಟಾರು ಕಾರ್ಖಾನೆಗಳ ಒಂದು ಸಂಕಟದಿಂದ. ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಕಾರುಗಳ ಗೇರುಪೆಟ್ಟಿಗೆಗಳನ್ನು ತಯಾರಿಸುತ್ತಿದ್ದ ಹೈಡ್ರಾಮ್ಯಾಟಿಕ್ ವಿಭಾಗವು, ಕಾರುಗಳ ಮಾದರಿ ಬದಲಾದಾಗಲೆಲ್ಲ ಯಂತ್ರಗಳನ್ನು ನಿಯಂತ್ರಿಸುವ ರಿಲೇಗಳೆಂಬ ವಿದ್ಯುತ್ ಸ್ವಿಚ್ಚುಗಳ ತಂತಿಗಳನ್ನು ಬಿಚ್ಚಿ ಹೊಸದಾಗಿ ಹೊಸೆಯಬೇಕಾಗಿ ಬರುತ್ತಿದ್ದುದರಿಂದ ಬೇಸತ್ತು, 1968ರಲ್ಲಿ ತಂತಿಯನ್ನು ಮುಟ್ಟದೆಯೇ ಬದಲಾಯಿಸಬಲ್ಲ ನಿಯಂತ್ರಕವೊಂದು ಬೇಕೆಂದು ಅದರ ಲಕ್ಷಣಗಳನ್ನು ಬರೆದು ಪ್ರಕಟಿಸಿತು. ಮ್ಯಾಸಚೂಸೆಟ್ಸ್ ಸಂಸ್ಥಾನದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಡಿಕ್ ಮಾರ್ಲಿ ಎಂಬವನೂ ಅವನ ಸಂಗಡಿಗರೂ ನಿರ್ಮಿಸಿದ ಯಂತ್ರವು ಆ ಸಂಸ್ಥೆಯ 84ನೆಯ ಯೋಜನೆಯಾದ್ದರಿಂದ ‘ಮೋಡಿಕಾನ್ 084’ ಎಂಬ ಹೆಸರನ್ನು ಪಡೆಯಿತು. ಮಾರ್ಲಿಯು ಈ ಯಂತ್ರಕ್ಕೆ ವಿಧಿಸಿದ ನಿಯಮಗಳಲ್ಲಿ ಒಂದು ನಮ್ಮ ಪ್ರಸ್ತುತ ವಿಷಯಕ್ಕೆ ಅಡಿಗಲ್ಲಾಗಿದೆ: ಹೊರಗಿನ ಪ್ರತಿಯೊಂದು ಸ್ವಿಚ್ಚಿಗೂ ಪ್ರತಿಯೊಂದು ಕವಾಟಕ್ಕೂ ಮೆಮೊರಿಯೊಳಗೆ ನಿಶ್ಚಿತವಾದ ಒಂದು ಸ್ಥಾನವಿರತಕ್ಕದ್ದು, ಕಾರ್ಯಕ್ರಮವು ಆ ಸ್ಥಾನವನ್ನು ನೋಡಿದರೆ ಸ್ವಿಚ್ಚನ್ನೇ ನೋಡಿದಂತಾಗತಕ್ಕದ್ದು.

ನೋಡಿದಂತಾಗುವುದು ಬೇರೆ, ನೋಡುವುದು ಬೇರೆ. ಇವೆರಡರ ನಡುವಣ ಅಂತರವೇ ಮಾಡ್ಯೂಲುಗಳ ಸಮಾಚಾರ ವಿನಿಮಯದ ಸಮಸ್ತ ಸೂಕ್ಷ್ಮವನ್ನೂ ಒಳಗೊಂಡಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಮೆಮೊರಿಯಲ್ಲಿ ಬರೆದ ಅಂಕೆ ಯಾವುದೇ ಆಗಲಿ, ಅದು ಈ ಕ್ಷಣದ ಸತ್ಯವಲ್ಲ, ಕೊಂಚ ಹಿಂದಿನ ಸತ್ಯ, ಅದಕ್ಕೊಂದು ವಯಸ್ಸಿದೆ. ಆ ವಯಸ್ಸೆಷ್ಟು, ಮತ್ತು ಆ ಅಂಕೆಯು ನಮ್ಮ ಕೈಸೇರುವಾಗ ಅಖಂಡವಾಗಿ ಸೇರಿತೋ ತುಂಡಾಗಿ ಸೇರಿತೋ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನರಿಯದೆ ಅದನ್ನು ನಂಬುವಂತಿಲ್ಲ.

ವಿಷಯವು ಮೂರ್ತವಾಗಲೆಂದು ಒಂದು ನಿಜವಾದ ಯಂತ್ರವನ್ನೇ ತೆಗೆದುಕೊಳ್ಳೋಣ. ಜರ್ಮನಿಯ ಸೀಮೆನ್ಸ್ ಸಂಸ್ಥೆಯು 1990ರ ದಶಕದಲ್ಲಿ ಹೊರತಂದ ಎಸ್7-300 ಎಂಬ ಮಾದರಿಯು ಜಗತ್ತಿನ ನಾನಾ ದೇಶಗಳ ಕಾರ್ಖಾನೆಗಳಲ್ಲಿ ಹರಡಿಕೊಂಡಿದೆ. ಒಂದು ಲೋಹದ ಹಳಿಯ ಮೇಲೆ ಮೊದಲು ವಿದ್ಯುತ್ತನ್ನೊದಗಿಸುವ ಮಾಡ್ಯೂಲು, ಅದರ ಬಲಗಡೆಗೆ ಕಾರ್ಯಕ್ರಮವನ್ನು ನಡೆಸುವ ಸಿಪಿಯು, ಮೂರನೆಯ ಸ್ಥಾನದಲ್ಲಿ ಬೇರೆ ಹಳಿಗಳಿಗೆ ಸಂಬಂಧ ಕಲ್ಪಿಸುವ ಮಾಡ್ಯೂಲು, ನಾಲ್ಕನೆಯ ಸ್ಥಾನದಿಂದ ಹನ್ನೊಂದನೆಯದರವರೆಗೆ ಹೊರಲೋಕದ ತಂತಿಗಳನ್ನು ಸ್ವೀಕರಿಸುವ ಎಂಟು ಮಾಡ್ಯೂಲುಗಳು: ಹೀಗೆ ಅದರ ವಿನ್ಯಾಸ. ಸಿಪಿಯುವಿನಿಂದ ಮೊದಲುಗೊಂಡು ಒಂದೊಂದು ಮಾಡ್ಯೂಲಿನ ಬೆನ್ನಿಗೂ ‘ಯು’ ಆಕಾರದ ಒಂದು ಪುಟ್ಟ ಜೋಡಣೆಯನ್ನು ಸಿಕ್ಕಿಸಿ ಅದನ್ನು ಪಕ್ಕದ ಮಾಡ್ಯೂಲಿಗೆ ಕೂಡಿಸುತ್ತ ಹೋದರೆ, ಆ ಜೋಡಣೆಗಳೆಲ್ಲ ಸೇರಿ ಬೆನ್ನ ಹಿಂದೆ ಒಂದೇ ಸಾಮಾನ್ಯವಾದ ಹಾದಿಯಾಗುತ್ತದೆ. ಇದಕ್ಕೆ ಬ್ಯಾಕ್‌ಪ್ಲೇನ್ ಬಸ್ ಎಂದು ಹೆಸರು. ನಡುವಣ ಒಂದು ಮಾಡ್ಯೂಲನ್ನು ಕಿತ್ತರೆ ಹಾದಿಯೇ ಕಡಿಯುವುದರಿಂದ, ಇಂಥ ಹಳಿಯ ಮೇಲಿನ ಮಾಡ್ಯೂಲನ್ನು ಯಂತ್ರವು ನಡೆಯುತ್ತಿರುವಾಗ ತೆಗೆಯಬಾರದು.

ಸ್ಥಾನದಿಂದಲೇ ವಿಳಾಸವು ಹುಟ್ಟುತ್ತದೆಂಬುದು ಈ ಏರ್ಪಾಡಿನ ಒಂದು ಚೆಲುವು. ನಾಲ್ಕನೆಯ ಸ್ಥಾನಕ್ಕೆ 0ಯಿಂದ 3ರವರೆಗಿನ ನಾಲ್ಕು ಬೈಟುಗಳು, ಐದನೆಯದಕ್ಕೆ 4ರಿಂದ 7ರವರೆಗೆ, ಹೀಗೆ ಮುಂದುವರಿಯುತ್ತದೆ. ನಾಲ್ಕು ಬೈಟುಗಳೆಂದರೆ ಮೂವತ್ತೆರಡು ಬಿಟ್ಟುಗಳು. ಇದು ಒಂದು ಡಿಜಿಟಲ್ ಮಾಡ್ಯೂಲಿಗೆ ಜೋಡಿಸಬಹುದಾದ ಮೂವತ್ತೆರಡು ತಂತಿಗಳಿಗೆ ಸರಿಯಾಗಿ ಒದಗುತ್ತದೆ. ಮಾಡ್ಯೂಲಿನಲ್ಲಿ ಹದಿನಾರೇ ತಂತಿಗಳಿದ್ದರೂ ಉಳಿದ ಜಾಗವನ್ನು ಬಿಟ್ಟೇ ಮುಂದಕ್ಕೆ ಹೋಗುವುದು ವಾಡಿಕೆ. ಹೀಗಾಗಿ ‘ಇನ್‌ಪುಟ್ 4.0’ ಎಂದು ಕಾರ್ಯಕ್ರಮದಲ್ಲಿ ಕಂಡರೆ, ಅದು ಐದನೆಯ ಸ್ಥಾನದ ಮಾಡ್ಯೂಲಿನ ಮೊದಲನೆಯ ತಂತಿಯೆಂದು, ಬೇರೆ ಏರ್ಪಾಡು ಮಾಡಿರದಿದ್ದಲ್ಲಿ, ನಿಶ್ಚಯವಾಗಿ ಹೇಳಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದುಂಟು. ಗುಂಡಿಯ ತಂತಿಯನ್ನು ಹಿಡಿದಿರುವ ಮಾಡ್ಯೂಲಿಗೆ ಮೋಟಾರಿನ ತಂತಿಯನ್ನು ಹಿಡಿದಿರುವ ಮಾಡ್ಯೂಲೆಂಬುದೊಂದು ಇದೆಯೆಂಬ ಸಂಗತಿಯೇ ತಿಳಿಯದು. ಇವುಗಳೊಳಗೆ ನೇರವಾದ ವ್ಯವಹಾರವಿಲ್ಲ. ಎಲ್ಲವೂ ಸಿಪಿಯುವಿನ ಮುಖಾಂತರವೇ ನಡೆಯತಕ್ಕದ್ದು. ಸಿಪಿಯುವಾದರೋ ಕೆಲಸವನ್ನು ಮೂರು ಘಟ್ಟಗಳಲ್ಲಿ ಮಾಡಿ ಮುಗಿಸಿ, ಮುಗಿಸಿದೊಡನೆ ಮತ್ತೆ ಮೊದಲಿನಿಂದ ಆರಂಭಿಸುತ್ತದೆ: ಹೊರಗಿನಿಂದ ಬಂದಿರುವ ಎಲ್ಲ ಬಿಟ್ಟುಗಳನ್ನೂ ಒಮ್ಮೆಗೇ ಓದಿ ತನ್ನ ಮೆಮೊರಿಯಲ್ಲಿ ಒಂದು ಪ್ರತಿಕೃತಿಯನ್ನು ಮಾಡಿಕೊಳ್ಳುವುದು, ಆ ಪ್ರತಿಕೃತಿಯನ್ನೇ ಆಧಾರವಾಗಿಟ್ಟುಕೊಂಡು ಕಾರ್ಯಕ್ರಮದ ಆದ್ಯಂತವನ್ನೂ ನಡೆಸುವುದು, ಬಂದ ಫಲಿತಗಳನ್ನೆಲ್ಲ ಕೊನೆಗೆ ಒಟ್ಟಾಗಿ ಹೊರಹೋಗುವ ಮಾಡ್ಯೂಲುಗಳಿಗೆ ಬರೆಯುವುದು. ಒಂದು ಸುತ್ತಿಗೆ ಸ್ಕ್ಯಾನ್ ಎಂದು ಹೆಸರು. ಕಾರ್ಯಕ್ರಮದ ಗಾತ್ರವನ್ನನುಸರಿಸಿ ಅದಕ್ಕೆ ಕೆಲವು ಮಿಲಿಸೆಕೆಂಡುಗಳಿಂದ ಹಲವು ಹತ್ತು ಮಿಲಿಸೆಕೆಂಡುಗಳವರೆಗೆ ಕಾಲ ಹಿಡಿಯುತ್ತದೆ. ನಾವು ಬೇರೆ ಮಿತಿಯನ್ನು ಗೊತ್ತುಮಾಡದಿದ್ದರೆ, ಒಂದು ಸುತ್ತು 150 ಮಿಲಿಸೆಕೆಂಡುಗಳನ್ನು ಮೀರಿದಾಗ ಎಸ್7-300 ಅದನ್ನು ದೋಷವೆಂದೇ ಪರಿಗಣಿಸಿ, ಕಾರ್ಯಕ್ರಮದಲ್ಲಿ ಅದಕ್ಕೆ ಪ್ರತ್ಯೇಕವಾದ ವ್ಯವಸ್ಥೆಯಿಲ್ಲದ ಪಕ್ಷದಲ್ಲಿ, ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಪ್ರತಿಯೊಂದು ಸಲವೂ ಮಾಡ್ಯೂಲನ್ನೇ ನೇರವಾಗಿ ಕೇಳಬಾರದೇ, ಪ್ರತಿಕೃತಿಯ ಹಂಗೇಕೆ ಎಂದು ಓದುಗರು ಕೇಳಬಹುದು. ಕಾರ್ಯಕ್ರಮದ ಹತ್ತನೆಯ ಸಾಲಿನಲ್ಲಿ ತೊಟ್ಟಿಯ ನೀರು ಮೇಲ್ಮಟ್ಟವನ್ನು ಮುಟ್ಟಿಲ್ಲವೆಂಬ ಆಧಾರದ ಮೇಲೆ ಕವಾಟವನ್ನು ತೆರೆಯುವ ನಿರ್ಧಾರವಾಯಿತೆಂದೂ, ನೂರನೆಯ ಸಾಲನ್ನು ತಲಪುವಷ್ಟರಲ್ಲಿ ನೀರು ಮೇಲ್ಮಟ್ಟವನ್ನು ಮುಟ್ಟಿಬಿಟ್ಟದ್ದರಿಂದ ಪಂಪನ್ನು ನಿಲ್ಲಿಸುವ ನಿರ್ಧಾರವಾಯಿತೆಂದೂ ಭಾವಿಸಿ. ಆಗ ಒಂದೇ ಸುತ್ತಿನೊಳಗೆ ಕಾರ್ಯಕ್ರಮವು ಪರಸ್ಪರ ವಿರುದ್ಧವಾದ ಎರಡು ಲೋಕಗಳನ್ನು ನಂಬಿದಂತಾಗುತ್ತದೆ. ಪ್ರತಿಕೃತಿಯಾದರೆ ಸುತ್ತಿನ ಆದಿಯಿಂದ ಅಂತ್ಯದವರೆಗೆ ಬದಲಾಗದು. ಅದು ಸ್ವಲ್ಪ ಹಳೆಯದು, ಆದರೆ ತನ್ನೊಳಗೆ ತಾನು ವಿರೋಧವಿಲ್ಲದ್ದು. ಹೊಸತನವನ್ನು ಕಿಂಚಿತ್ತು ಬಿಟ್ಟುಕೊಟ್ಟು ಸಾಮರಸ್ಯವನ್ನು ಪಡೆದುಕೊಂಡ ಈ ಒಪ್ಪಂದವು ನಿಯಂತ್ರಣಶಾಸ್ತ್ರದಲ್ಲಿ ಅತ್ಯಂತ ವಿವೇಕಯುತವಾದುವುಗಳಲ್ಲಿ ಒಂದೆಂದು ನನಗೆ ತೋರುತ್ತದೆ.

ಬಿಟ್ಟುಕೊಟ್ಟದ್ದು ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಸುತ್ತು 20 ಮಿಲಿಸೆಕೆಂಡುಗಳದ್ದಾಗಿರಲಿ. ತಂತಿಯ ಮೇಲಿನ ಗದ್ದಲವನ್ನು ಸೋಸಲು ಇನ್‌ಪುಟ್ ಮಾಡ್ಯೂಲು ಸುಮಾರು 3 ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳಲಿ. ಅದೃಷ್ಟವು ಚೆನ್ನಾಗಿದ್ದು, ಪ್ರತಿಕೃತಿಯನ್ನು ಮಾಡುವುದಕ್ಕೆ ಕೊಂಚವೇ ಮುಂಚೆ ಸೆನ್ಸರಿನ ಸಂಕೇತವು ಸಿದ್ಧವಾದರೆ, ಉತ್ತರವು 23 ಮಿಲಿಸೆಕೆಂಡುಗಳಲ್ಲಿ ಹೊರಬೀಳುತ್ತದೆ. ಪ್ರತಿಕೃತಿಯು ಮುಗಿದ ಮರುಕ್ಷಣವೇ ಅದು ಸಿದ್ಧವಾದರೋ, ಒಂದು ಪೂರ್ತಿ ಸುತ್ತು ಕಾದು, ಇನ್ನೊಂದು ಸುತ್ತು ನಡೆದು, ಒಟ್ಟು 43 ಮಿಲಿಸೆಕೆಂಡುಗಳಾಗುತ್ತವೆ. ಸೆಕೆಂಡಿಗೆ ಒಂದು ಮೀಟರಿನಂತೆ ಓಡುವ ಪಟ್ಟಿಯ ಮೇಲೆ ಸೀಸೆಯೊಂದು ಅಷ್ಟರೊಳಗೆ 43 ಮಿಲಿಮೀಟರು ಮುಂದಕ್ಕೆ ಹೋಗಿರುತ್ತದೆ. ತಡವಾಗುವುದು ಅಷ್ಟೊಂದು ಕೇಡಲ್ಲ. ಒಂದು ಸಲ 23, ಇನ್ನೊಂದು ಸಲ 43, ನಡುವೆ ಎಲ್ಲಿ ಬೇಕಾದರೂ ಎಂಬಂತೆ ತಡವು ಹೊಯ್ದಾಡುವುದೇ ನಿಜವಾದ ಕೇಡು, ಏಕೆಂದರೆ ನಿಶ್ಚಿತವಾದ ತಡವನ್ನು ಮುಂಚಿತವಾಗಿ ಲೆಕ್ಕದಿಂದ ಕಳೆಯಬಹುದು, ಹೊಯ್ದಾಡುವುದನ್ನು ಕಳೆಯಲಾಗದು. ಇಂಥ ಕಡೆಗಳಲ್ಲಿ ಸುತ್ತನ್ನು ಕಾಯದೆ, ಮಾಡ್ಯೂಲೇ ಮುಂದಾಗಿ ಸಿಪಿಯುವನ್ನು ತಡೆದು ‘ಇದನ್ನು ಈಗಲೇ ನೋಡು’ ಎನ್ನುವ ಇಂಟರಪ್ಟ್ ಎಂಬ ಸೌಕರ್ಯವನ್ನು ಬಳಸುತ್ತಾರೆ.

ಇದುವರೆಗೆ ಹೇಳಿದ್ದು ಹೌದು-ಅಲ್ಲ ಎಂಬ ಎರಡೇ ಉತ್ತರಗಳುಳ್ಳ ಸಂಕೇತಗಳನ್ನು ಕುರಿತು. ಉಷ್ಣತೆ, ಒತ್ತಡ, ಹರಿವು ಮೊದಲಾದ ಕ್ರಮೇಣ ಏರಿಳಿಯುವ ಪರಿಮಾಣಗಳು 4ರಿಂದ 20 ಮಿಲಿಆಂಪಿಯರ್‌ವರೆಗಿನ ಪ್ರವಾಹವಾಗಿ ಬಂದು, ಅನಲಾಗ್ ಮಾಡ್ಯೂಲಿನಲ್ಲಿ 0ಯಿಂದ 27648ರವರೆಗಿನ ಸಂಖ್ಯೆಯಾಗಿ ಮಾರ್ಪಡುತ್ತವೆ. ನಟ್ಟನಡುವಣ 12 ಮಿಲಿಆಂಪಿಯರ್ 13824 ಆಗುತ್ತದೆ. ಅತ್ಯಲ್ಪವೆಂಬುದಕ್ಕೂ 4 ಮಿಲಿಆಂಪಿಯರನ್ನು ಕೊಟ್ಟಿರುವುದರ ಉದ್ದೇಶವು ಸ್ಪಷ್ಟವಾಗಿದೆ: ತಂತಿ ಕಡಿದುಹೋದರೆ ಪ್ರವಾಹವು ಸೊನ್ನೆಯಾಗುವುದರಿಂದ, ಏನೂ ಇಲ್ಲವೆಂಬ ಮಾಪನಕ್ಕೂ ಮಾಪನವೇ ಇಲ್ಲವೆಂಬುದಕ್ಕೂ ಭೇದವು ತಾನಾಗಿ ತಿಳಿದುಬರುತ್ತದೆ.

ಆದರೆ ಇಲ್ಲಿ ವಯಸ್ಸಿನ ಪ್ರಶ್ನೆಯು ಇನ್ನಷ್ಟು ಗುಪ್ತವಾಗಿ ಅಡಗಿಕೊಂಡಿರುತ್ತದೆ. 50 ಹರ್ಟ್ಸ್ ವಿದ್ಯುತ್ತಿನ ಗುಂಯ್ಗುಡುವಿಕೆಯು ಮಾಪನದಲ್ಲಿ ಸೇರಿಕೊಳ್ಳದಂತೆ ಮಾಡ್ಯೂಲು ಒಂದೊಂದು ತಂತಿಯನ್ನೂ ಪೂರ್ತಿ 20 ಮಿಲಿಸೆಕೆಂಡುಗಳ ಕಾಲ, ಅಂದರೆ ಆ ವಿದ್ಯುತ್ತಿನ ಒಂದು ಪೂರ್ಣ ಆವರ್ತದವರೆಗೆ, ಆಲಿಸಿ ಸರಾಸರಿಯನ್ನು ತೆಗೆಯುತ್ತದೆ. ಬೇರೆ ಸಣ್ಣ ಕೆಲಸಗಳೂ ಸೇರಿ 22 ಮಿಲಿಸೆಕೆಂಡುಗಳಾಗುತ್ತವೆ. ಎಂಟು ತಂತಿಗಳುಳ್ಳ ಸಾಮಾನ್ಯ ಮಾಡ್ಯೂಲಿನಲ್ಲಿ ಪರಿವರ್ತಕವು ಒಂದೇ ಇದ್ದು ಅದು ಸರದಿಯ ಮೇಲೆ ಎಲ್ಲವನ್ನೂ ಸುತ್ತಿ ಬರಬೇಕಾದ್ದರಿಂದ, ಒಂದು ತಂತಿಯ ಹೊಸ ಮಾಪನವು 176 ಮಿಲಿಸೆಕೆಂಡುಗಳಿಗೊಮ್ಮೆ ಮಾತ್ರ ದೊರೆಯುತ್ತದೆ. ಸಿಪಿಯು 20 ಮಿಲಿಸೆಕೆಂಡಿಗೊಮ್ಮೆ ಕೇಳುತ್ತ ಹೋದರೂ ಎಂಟೊಂಬತ್ತು ಸಲ ಹಳೆಯ ಸಂಖ್ಯೆಯನ್ನೇ ಮರಳಿ ಮರಳಿ ಪಡೆಯುತ್ತದೆ. ಉಷ್ಣತೆಯ ಬದಲಾವಣೆಯ ವೇಗವನ್ನು ಗಣಿಸುವ ಕಾರ್ಯಕ್ರಮವೊಂದು ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಅದಕ್ಕೆ ಎಂಟು ಸಲ ಬದಲಾವಣೆಯೇ ಇಲ್ಲವೆಂದೂ ಒಂಬತ್ತನೆಯ ಸಲ ಹಠಾತ್ತಾಗಿ ಜಿಗಿಯಿತೆಂದೂ ಕಾಣುತ್ತದೆ. ಕುಲುಮೆಯ ಕವಾಟವು ಕಾರಣವಿಲ್ಲದೆ ಕುಲುಕಾಡುತ್ತಿರುವುದನ್ನು ಕಂಡವರು ಕವಾಟವನ್ನೇ ದೂರುತ್ತಾರೆ. ಸೋಸುವ ಕಾಲವನ್ನು ಕಡಮೆ ಮಾಡಬಹುದು, ಬಳಸದಿರುವ ತಂತಿಗಳನ್ನು ಸರದಿಯಿಂದ ಬಿಡಿಸಬಹುದು. ಉಷ್ಣತೆಯಂಥ ನಿಧಾನವಾದ ಪರಿಮಾಣಕ್ಕೆ ಕಾರ್ಯಕ್ರಮದ ಆ ಭಾಗವನ್ನೇ ಸೆಕೆಂಡಿಗೊಮ್ಮೆ ನಡೆಸುವುದು ಎಲ್ಲಕ್ಕಿಂತ ಸರಳವಾದ ಉಪಾಯ.

ವಯಸ್ಸಿನ ಮಾತನ್ನು ಇಲ್ಲಿಗೆ ಬಿಟ್ಟು ಅಖಂಡತೆಯ ಮಾತಿಗೆ ಬರೋಣ. ಗೋಡೆಯ ಮೇಲಿನ ಅಂಕೆಯ ಗಡಿಯಾರದಲ್ಲಿ 9:59 ಇದ್ದಾಗ ಗಂಟೆಯನ್ನು ‘ಒಂಬತ್ತು’ ಎಂದು ನೋಡಿಕೊಂಡು, ಕಣ್ಣು ನಿಮಿಷದ ಕಡೆಗೆ ಹೊರಳುವಷ್ಟರಲ್ಲಿ ಗಡಿಯಾರವು 10:00 ಆಗಿಬಿಟ್ಟರೆ, ನೋಡಿದವನು ಗಂಟೆ ಒಂಬತ್ತೆಂದು ಬಗೆದು ಒಂದು ಗಂಟೆಯಷ್ಟು ಮೋಸಹೋಗುತ್ತಾನೆ. ಅವನು ಕಂಡ ಎರಡು ಅಂಕೆಗಳೂ ನಿಜವೇ. ಅವುಗಳ ಜೋಡಿ ಮಾತ್ರ ಅವನು ನೋಡಿದ ಯಾವ ಕ್ಷಣದಲ್ಲಿಯೂ ಇರಲಿಲ್ಲ. ಪಿಎಲ್‌ಸಿಯಲ್ಲಿ ಇದು ನಡೆಯುವುದು ಹೀಗೆ. ತಿರುಗುವ ಅಕ್ಷವೊಂದರ ಎಣಿಕೆಗಳನ್ನು ಲೆಕ್ಕವಿಡುವ ಮಾಡ್ಯೂಲು ತನ್ನ ಸಂಖ್ಯೆಯನ್ನು ಹದಿನಾರು ಬಿಟ್ಟುಗಳ ಎರಡು ಪದಗಳಲ್ಲಿ ಇಡುತ್ತದೆಂದುಕೊಳ್ಳಿ. ಎಣಿಕೆಯು 65535 ಇರುವಾಗ ಮೇಲಿನ ಪದದಲ್ಲಿ 0, ಕೆಳಗಿನದರಲ್ಲಿ 65535. ಮುಂದಿನ ಎಣಿಕೆಗೆ ಮೇಲಿನದು 1, ಕೆಳಗಿನದು 0. ಸಿಪಿಯು ಕೆಳಗಿನ ಪದವನ್ನು ಓದಿದ ಮೇಲೆ, ಮೇಲಿನದನ್ನು ಓದುವುದಕ್ಕೆ ಮುಂಚೆ ಎಣಿಕೆಯು ಒಂದು ಹೆಚ್ಚಿತೆಂದರೆ, ಕೈಗೆ ಬರುವ ಸಂಖ್ಯೆ 131071. ಓದುವ ಕ್ರಮವು ತಿರುಗುಮುರುಗಾಗಿದ್ದರೆ 0. ಅಕ್ಷವು ಒಂದೇ ಹೆಜ್ಜೆಯಷ್ಟು ಸರಿದಿದ್ದರೂ ಕಾರ್ಯಕ್ರಮದ ದೃಷ್ಟಿಯಲ್ಲಿ ಅದು ಅರೆನಿಮಿಷದಲ್ಲಿ ಕೈಲಾಸಕ್ಕೋ ಪಾತಾಳಕ್ಕೋ ಹೋಗಿರುತ್ತದೆ. ಇಂಥ ಸಂಯೋಗವು ಅತ್ಯಂತ ವಿರಳವಾಗಿ ಒದಗುವುದರಿಂದಲೇ ಅದು ಅಪಾಯಕರ: ಪರೀಕ್ಷೆಯ ದಿನಗಳಲ್ಲಿ ತೋರದೆ, ಯಂತ್ರವು ತಿಂಗಳುಗಟ್ಟಲೆ ಸರಿಯಾಗಿ ನಡೆದ ಮೇಲೆ ಒಮ್ಮೆ ಕಾಣಿಸಿಕೊಂಡು, ಹುಡುಕುವವರ ಕೈಗೆ ಯಾವ ಕುರುಹನ್ನೂ ಬಿಡದೆ ಮಾಯವಾಗುತ್ತದೆ.

ಇದಕ್ಕೆ ಪರಿಹಾರಗಳುಂಟು. ಒಂದು ಬಾರಿಗೆ ಮೂವತ್ತೆರಡು ಬಿಟ್ಟುಗಳನ್ನು ಅಖಂಡವಾಗಿ ಕೊಡುವ ಭರವಸೆಯನ್ನು ಯಂತ್ರವೇ ನೀಡಬಹುದು. ಅದಕ್ಕೂ ದೊಡ್ಡದಾದ ಸಮಾಚಾರವನ್ನು ಒಡೆಯದೆ ಸಾಗಿಸಲು, ಮುಂದೆ ಹೇಳಲಿರುವ ದೂರದ ಮಾಡ್ಯೂಲುಗಳ ವಿಷಯದಲ್ಲಿ, ಸೀಮೆನ್ಸ್ ಪದ್ಧತಿಯಲ್ಲಿ ಓದುವುದಕ್ಕೆ ಎಸ್‌ಎಫ್‌ಸಿ 14, ಬರೆಯುವುದಕ್ಕೆ ಎಸ್‌ಎಫ್‌ಸಿ 15 ಎಂಬ ಸಿದ್ಧ ಕಾರ್ಯಗಳಿವೆ. ಸ್ವಂತ ಬುದ್ಧಿಯುಳ್ಳ ಮಾಡ್ಯೂಲುಗಳೊಡನೆ, ಉದಾಹರಣೆಗೆ ತೂಕದ ಯಂತ್ರಕ್ಕೋ ಮುದ್ರಕಕ್ಕೋ ಅಕ್ಷರಮಾಲೆಯನ್ನು ಕಳುಹಿಸುವ ಸಂಪರ್ಕ ಮಾಡ್ಯೂಲಿನೊಡನೆ, ವ್ಯವಹರಿಸುವಾಗ ಪರಸ್ಪರ ಒಪ್ಪಿಗೆಯ ಬಿಟ್ಟುಗಳನ್ನಿಡುವುದು ರೂಢಿ. ಸಿಪಿಯು ಸಮಾಚಾರವನ್ನು ಪೂರ್ತಿಯಾಗಿ ಬರೆದಿಟ್ಟು, ಅನಂತರವೇ ‘ಸಿದ್ಧ’ ಎಂಬ ಬಿಟ್ಟನ್ನು ಒಂದು ಮಾಡುತ್ತದೆ. ಮಾಡ್ಯೂಲು ಅದನ್ನು ಕಂಡು ಸಮಾಚಾರವನ್ನೆತ್ತಿಕೊಂಡು ‘ತೆಗೆದುಕೊಂಡೆ’ ಎಂಬ ತನ್ನ ಬಿಟ್ಟನ್ನು ಒಂದು ಮಾಡುತ್ತದೆ. ಅದನ್ನು ನೋಡಿ ಸಿಪಿಯು ತನ್ನದನ್ನು ಸೊನ್ನೆ ಮಾಡುತ್ತದೆ. ಆ ಬಳಿಕ ಮಾಡ್ಯೂಲೂ ತನ್ನದನ್ನು ಇಳಿಸುತ್ತದೆ. ನಾಲ್ಕು ಹೆಜ್ಜೆಗಳೂ ಮುಗಿಯುವವರೆಗೆ ಹೊಸ ಸಮಾಚಾರವನ್ನು ಬರೆಯಲಾಗದು. ಹೊಸಬರು ಸಾಮಾನ್ಯವಾಗಿ ಕೊನೆಯ ಎರಡು ಹೆಜ್ಜೆಗಳು ಅನಾವಶ್ಯಕವೆಂದು ಬಿಟ್ಟುಬಿಡುತ್ತಾರೆ. ಮೊದಲನೆಯ ಸಂದೇಶವು ಚೆನ್ನಾಗಿ ಹೋಗಿ ಎರಡನೆಯದು ಹೋಗದೇ ನಿಂತಾಗ ಅವುಗಳ ಅವಶ್ಯಕತೆಯು ಮನವರಿಕೆಯಾಗುತ್ತದೆ.

ಮಾಡ್ಯೂಲುಗಳೆಲ್ಲ ಒಂದೇ ಹಳಿಯ ಮೇಲಿರಬೇಕೆಂಬ ನಿರ್ಬಂಧವೂ ಇಲ್ಲ. ಜರ್ಮನಿಯಲ್ಲಿ 1987ರಲ್ಲಿ ಹಲವು ಸಂಸ್ಥೆಗಳು ಒಟ್ಟುಗೂಡಿ ಆರಂಭಿಸಿದ ಪ್ರಯತ್ನದಿಂದ ಹುಟ್ಟಿದ ಪ್ರೊಫಿಬಸ್ ಎಂಬ ಏರ್ಪಾಡಿನಲ್ಲಿ, ಎರಡೇ ತಂತಿಗಳ ನೇರಳೆ ಬಣ್ಣದ ಕೇಬಲು ಕಾರ್ಖಾನೆಯ ಉದ್ದಗಲಕ್ಕೂ ಹರಿದು ದೂರದೂರದ ಮಾಡ್ಯೂಲುಗಳನ್ನು ಸಿಪಿಯುವಿಗೆ ಕೂಡಿಸುತ್ತದೆ. ಸೆಕೆಂಡಿಗೆ 9600 ಬಿಟ್ಟುಗಳಂತೆ ನಿಧಾನವಾಗಿ ಸಾಗಿದರೆ ಒಂದು ತುಂಡು ಕೇಬಲು 1200 ಮೀಟರಿನವರೆಗೆ ಹೋಗಬಹುದು, 1.2 ಕೋಟಿ ಬಿಟ್ಟುಗಳ ವೇಗವು ಬೇಕೆಂದರೆ 100 ಮೀಟರಿಗೆ ತೃಪ್ತಿಪಡಬೇಕು. ಯಜಮಾನ ನಿಲ್ದಾಣವು ಒಂದೊಂದನ್ನೇ ಹೆಸರು ಹಿಡಿದು ಕೇಳುತ್ತ ಹೋಗುತ್ತದೆ, ಕೇಳಿಸಿಕೊಂಡದ್ದು ಮಾತ್ರ ಉತ್ತರಿಸುತ್ತದೆ. ಈ ಸುತ್ತೂ ಸಿಪಿಯುವಿನ ಸುತ್ತೂ ಒಂದರೊಡನೊಂದು ತಾಳಗೂಡುವುದಿಲ್ಲವಾದ್ದರಿಂದ ಸಮಾಚಾರದ ವಯಸ್ಸಿಗೆ ಇನ್ನೊಂದು ಪದರವು ಸೇರಿಕೊಳ್ಳುತ್ತದೆ. ಕೇಬಲೇ ತುಂಡಾದರೆ ಏನಾಗಬೇಕೆಂಬುದನ್ನೂ ಮುಂಚೆಯೇ ಗೊತ್ತುಮಾಡಿರಬೇಕು: ನಿಯಮಿತ ಕಾಲದೊಳಗೆ ಯಜಮಾನನ ಕರೆ ಬಾರದಿದ್ದರೆ ದೂರದ ಮಾಡ್ಯೂಲು ತಾನೇ ತನ್ನ ಔಟ್‌ಪುಟ್‌ಗಳನ್ನು ಸೊನ್ನೆಗೋ ಮೊದಲೇ ಸೂಚಿಸಿದ ಬೆಲೆಗೋ ಒಯ್ಯುತ್ತದೆ.

ಸಮಾಚಾರದ ವಯಸ್ಸನ್ನು ಯಂತ್ರವು ಪ್ರಶ್ನಿಸದಿದ್ದರೆ ಎಂಥ ಅನರ್ಥವು ಸಾಧ್ಯವೆಂಬುದನ್ನು 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ದುಷ್ಟ ಕಾರ್ಯಕ್ರಮವು ತೋರಿಸಿಕೊಟ್ಟಿತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಮ್ಮನ್ನು ಪ್ರತ್ಯೇಕಿಸುವ ಯಂತ್ರಗಳನ್ನು ಗುರಿಯಾಗಿಟ್ಟುಕೊಂಡದ್ದೆಂದು ಪರಿಣತರು ಬಹುಮತದಿಂದ ಒಪ್ಪಿರುವ ಈ ಕಾರ್ಯಕ್ರಮದ ಒಂದು ಭಾಗವು ಎಸ್7-300 ವರ್ಗದ ಸಿಪಿಯುವಿನಲ್ಲಿ ನೆಲಸಿ, ಪ್ರೊಫಿಬಸ್ ಸಂಪರ್ಕ ಮಾಡ್ಯೂಲಿನ ಮೂಲಕ ಬರುವ ಸಂದೇಶಗಳನ್ನು ಕದ್ದು ನೋಡುತ್ತಿದ್ದು, ಮೋಟಾರುಗಳ ಆವರ್ತಾಂಕವನ್ನು ಒಮ್ಮೆ 1410 ಹರ್ಟ್ಸ್‌ಗೇರಿಸಿ, ಇನ್ನೊಮ್ಮೆ 2 ಹರ್ಟ್ಸ್‌ಗಿಳಿಸುವ ಆಜ್ಞೆಗಳನ್ನು ಕಳುಹಿಸುವಂತೆ ರಚಿತವಾಗಿತ್ತು. ಅದೇ ಬಳಗದ ಹಿರಿಯ ಮಾದರಿಯಾದ 417ರ ಸಿಪಿಯುವಿಗಾಗಿ ಬರೆದ ಇನ್ನೊಂದು ಭಾಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು: ಇನ್‌ಪುಟ್ ಪ್ರತಿಕೃತಿಯು ಹೊಸದಾಗುವುದನ್ನೇ ನಿಲ್ಲಿಸಿ, ಎಲ್ಲವೂ ಸರಿಯಾಗಿದ್ದಾಗ ದಾಖಲಿಸಿಕೊಂಡ ಮಾಪನಗಳನ್ನು ಮತ್ತೆ ಮತ್ತೆ ಒಳಕ್ಕೆ ತುಂಬುವುದು ಅದರ ಹಂಚಿಕೆ. ಆ ಸಂಖ್ಯೆಗಳೊಂದೂ ಕಲ್ಪಿತವಲ್ಲ; ಎಲ್ಲವೂ ಒಂದಾನೊಂದು ಕ್ಷಣದಲ್ಲಿ ಸತ್ಯವಾಗಿದ್ದುವೇ. ಅವುಗಳ ಕಾಲ ಮಾತ್ರ ಕಳೆದುಹೋಗಿತ್ತು, ಕಾಲವನ್ನು ಕೇಳುವ ಗೊಡವೆ ಯಾರಿಗೂ ಇರಲಿಲ್ಲ.

ಮನುಷ್ಯರ ಪ್ರಾಣಕ್ಕೆ ಸಂಬಂಧಪಟ್ಟ ಕಡೆಗಳಲ್ಲಿ, ಒತ್ತುಯಂತ್ರದ ದವಡೆಯಲ್ಲಿ ಕೈ ಸಿಕ್ಕಿಕೊಳ್ಳದಂತೆ ಕಾಯುವ ಬೆಳಕಿನ ಪರದೆಯಂಥವುಗಳಲ್ಲಿ, ಆ ಗೊಡವೆಯನ್ನು ವಹಿಸಿಕೊಳ್ಳುವ ಪದ್ಧತಿಯೊಂದಿದೆ. ಆ ವಿಷಯವನ್ನು ಬರೆಯುವಾಗ ನನ್ನ ಮನಸ್ಸಿಗೆ ಸಮಾಧಾನವಾಗುತ್ತದೆ. ಪ್ರೊಫಿಸೇಫ್ ಎಂಬ ಈ ಪದ್ಧತಿಯು ನಡುವಣ ಕೇಬಲನ್ನಾಗಲಿ ಬೆನ್ನ ಹಿಂದಿನ ಹಾದಿಯನ್ನಾಗಲಿ ಕಿಂಚಿತ್ತೂ ನಂಬುವುದಿಲ್ಲ. ಸಂದೇಶಗಳಿಗೆ ಕ್ರಮಸಂಖ್ಯೆಯಿರುತ್ತದೆ, ಆದ್ದರಿಂದ ಹಳೆಯದು ಮರುಕಳಿಸಿದರೆ ಗೊತ್ತಾಗುತ್ತದೆ. ಕಳುಹಿಸಿದವನಿಗೂ ಪಡೆಯುವವನಿಗೂ ವಿಶಿಷ್ಟವಾದ ಗುರುತಿರುತ್ತದೆ, ಆದ್ದರಿಂದ ಒಬ್ಬರದು ಇನ್ನೊಬ್ಬರಿಗೆ ಸೇರದು. ಪ್ರತಿಯೊಂದರ ಕೊನೆಗೂ ಪರಿಶೋಧನೆಯ ಸಂಖ್ಯೆಯಿರುತ್ತದೆ, ಆದ್ದರಿಂದ ದಾರಿಯಲ್ಲಿ ಕೆಟ್ಟದ್ದು ಬಯಲಾಗುತ್ತದೆ. ಮುಂದಿನದು ಇಷ್ಟು ಮಿಲಿಸೆಕೆಂಡುಗಳೊಳಗೆ ಬರಲೇಬೇಕೆಂಬ ಗಡುವಿರುತ್ತದೆ. ಗಡುವು ಮೀರಿತೆಂದರೆ ಪಡೆಯುವ ಮಾಡ್ಯೂಲು ಕಾರಣವನ್ನು ವಿಚಾರಿಸುತ್ತ ಕೂರದೆ ತನ್ನ ಔಟ್‌ಪುಟ್‌ಗಳನ್ನು ಸೊನ್ನೆಗಿಳಿಸಿ ಯಂತ್ರವನ್ನು ನಿಲ್ಲಿಸುತ್ತದೆ. ಸಂದೇಶಗಳು ಮತ್ತೆ ಸರಿಯಾಗಿ ಬರತೊಡಗಿದ ಮಾತ್ರಕ್ಕೆ ಅದು ಮರಳಿ ಚಾಲೂ ಆಗದು. ಜವಾಬ್ದಾರನಾದ ಒಬ್ಬ ಮನುಷ್ಯನು ಸ್ಥಳಕ್ಕೆ ಬಂದು, ನೋಡಿ, ಒಪ್ಪಿಗೆಯ ಗುಂಡಿಯನ್ನೊತ್ತಬೇಕೆಂದು ಏರ್ಪಡಿಸುವುದೇ ಅಲ್ಲಿಯ ಕ್ರಮ.